ಕಲ್ಯಾಣದ ಕಥೆ ಕಲ್ಯಾಣದ ಮನೆಗೆ: ಹಳೆಯ ಚಿತ್ರಗಳು ನಮ್ಮ ಕೈಸೇರಿದ ಬಗೆ



ಮನೆಯಲ್ಲಿ ಕುಳಿತು ಸಿನಿಮಾ ನೋಡುವುದು ಕಾಲಹರಣವೆಂದು ಹಿರಿಯರು ನಿಮ್ಮನ್ನು ಗದರಿಸಿರಬಹುದು. ಹಾಗೆ ಗದರಿಸಿದವರಿಗೆ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರು ಹೇಳಿ ನೋಡಿ. ಇಂದಿನ ಬಸವಕಲ್ಯಾಣವೇ ಆಗಿರುವ ಕಲ್ಯಾಣದಿಂದ 1126ರಿಂದ 1138ರವರೆಗೆ ಆಳಿದ ಈ ದೊರೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ವಿಶ್ವಕೋಶವನ್ನು ಬರೆದ. ಐದು ಭಾಗ, ಭಾಗಕ್ಕೆ ಇಪ್ಪತ್ತರಂತೆ ಒಟ್ಟು ನೂರು ಅಧ್ಯಾಯ. ರಾಜ್ಯಾಡಳಿತದ ಜೊತೆಗೆ ಅಡುಗೆ, ಚಿತ್ರಕಲೆ, ಸಂಗೀತ, ನೃತ್ಯ, ಕಥೆ ಕೇಳುವುದು, ಆಟೋಟಗಳು ಎಲ್ಲಕ್ಕೂ ಅದರಲ್ಲಿ ಜಾಗವಿದೆ. ವಿನೋದವೂ ಕಲಿತು ಅನುಭವಿಸಬೇಕಾದ ವಿದ್ಯೆ ಎಂಬುದು ಆ ಗ್ರಂಥದ ನಿಲುವು. ಹಳೆಯ ಚಲನಚಿತ್ರಗಳನ್ನು ಮನೆಯಲ್ಲಿ ನೋಡಿ ಸವಿಯುವ ವಿದ್ಯೆಯ ಇತಿಹಾಸವನ್ನು ಇದೇ ಊರಿನಿಂದ ಆರಂಭಿಸುವುದು ಸೂಕ್ತವೆನಿಸುತ್ತದೆ.

ಮೊದಲು ಭೂಪಟವನ್ನು ನೋಡೋಣ. ಬಸವಕಲ್ಯಾಣ ಮತ್ತು ಹುಮನಾಬಾದ್ ಎರಡೂ ಬೀದರ್ ಜಿಲ್ಲೆಯ ತಾಲ್ಲೂಕುಗಳು. 1948ರ ಸೆಪ್ಟೆಂಬರ್‌ವರೆಗೆ ಈ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತದ ಗಡಿ ಹೀಗೆ ಬದಲಾಯಿತು. ಆದರೆ ಸಿನಿಮಾ ವ್ಯಾಪಾರದ ಗಡಿ ಬದಲಾಗಲಿಲ್ಲ. ಚಿತ್ರ ಹಂಚಿಕೆದಾರರು ಇಂದಿಗೂ ‘ನಿಜಾಂ’ ಎಂದು ಕರೆಯುವ ಪ್ರದೇಶವೊಂದಿದೆ. ತೆಲಂಗಾಣದ ಜೊತೆಗೆ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳನ್ನೂ ಈ ಹಂಚಿಕೆ ವಲಯಕ್ಕೆ ಸೇರಿಸುವುದು ರೂಢಿಯಾಗಿತ್ತು. ಬೆಂಗಳೂರಿನಲ್ಲಿ ಬಿಡುಗಡೆಯಾದ ಕನ್ನಡ ಚಿತ್ರಕ್ಕಿಂತ ಹೈದರಾಬಾದಿನಿಂದ ಹೆದ್ದಾರಿಯಲ್ಲಿ ಬರುವ ಹಿಂದಿ ಅಥವಾ ತೆಲುಗು ಚಿತ್ರಕ್ಕೆ ಹುಮನಾಬಾದ್ ಹತ್ತಿರವಾಗಿತ್ತು.

ಇದನ್ನು ಕೇವಲ ದೂರು ಎಂದು ತಿಳಿಯಬೇಡಿ. ಈ ಸೀಮೆಯ ಕಿವಿ ಹಲವು ಭಾಷೆಗಳಿಗೆ ಒಗ್ಗಿದ ಕಿವಿ. ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ನೆಲೆಸಿದ್ದ ಸಂತ ಮಾಣಿಕಪ್ರಭುಗಳು (1817-1865) ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪದಗಳನ್ನು ರಚಿಸಿದವರು. ಕನ್ನಡ, ಉರ್ದು, ಮರಾಠಿ, ತೆಲುಗು ಒಂದೇ ಸಂತೆಯಲ್ಲಿ ಕೇಳಿಬರುವ ನಾಡಿದು. ಪುಣೆಯ ಪ್ರಭಾತ್ ಸಂಸ್ಥೆ 1936ರಲ್ಲಿ ತಯಾರಿಸಿ, 1937ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆದ ‘ಸಂತ ತುಕಾರಾಂ’ ಮರಾಠಿ ಚಿತ್ರವನ್ನು ಅರ್ಥಮಾಡಿಕೊಳ್ಳಲು ಇಲ್ಲಿನ ಅನೇಕರಿಗೆ ಅನುವಾದವೇ ಬೇಕಿಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಕಲ್ಯಾಣದ ಕಥೆಯನ್ನೇ ಹೇಳುವ ಕನ್ನಡ ಚಿತ್ರವೊಂದು ಕಲ್ಯಾಣದ ಹುಡುಗನಿಗೆ ಬೇಕೆಂದಾಗ ಸಿಗುವಂತಾದದ್ದು ಯಾವಾಗ?

ಅಂಥ ಚಿತ್ರ ಇದೆ. 1959ರಲ್ಲಿ ಟಿ.ವಿ. ಸಿಂಗ್ ಠಾಕೂರ್ ಅವರ ನಿರ್ದೇಶನದಲ್ಲಿ ‘ಜಗಜ್ಯೋತಿ ಬಸವೇಶ್ವರ’ ತೆರೆಗೆ ಬಂತು. ಹೊನ್ನಪ್ಪ ಭಾಗವತರು ಬಸವಣ್ಣನಾಗಿ, ರಾಜ್‌ಕುಮಾರ್ ಬಿಜ್ಜಳನಾಗಿ ಅಭಿನಯಿಸಿದರು. ಆಗ ಚಿತ್ರವನ್ನು ನೋಡುವುದೆಂದರೆ ಚಿತ್ರಮಂದಿರಕ್ಕೆ ಅಥವಾ ಟೂರಿಂಗ್ ಟಾಕೀಸಿನ ಡೇರೆಗೆ ಹೋಗುವುದು ಎಂದೇ ಅರ್ಥ. ಸ್ವಲ್ಪ ಲೆಕ್ಕ ಮಾಡೋಣ. 35 ಮಿಲಿಮೀಟರ್ ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಒಂದು ಅಡಿಯಲ್ಲಿ 16 ಚೌಕಟ್ಟುಗಳು. ಅಂದರೆ ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ, ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರ್ ಉದ್ದದ ಸುರುಳಿ! ತಗಡಿನ ಡಬ್ಬಗಳಲ್ಲಿ ತುಂಬಿ ಊರಿಂದೂರಿಗೆ ಸಾಗಿಸಬೇಕು. ವಾರ ಕಳೆದರೆ ಚಿತ್ರ ಊರು ಬಿಡುತ್ತಿತ್ತು. ತಪ್ಪಿಸಿಕೊಂಡವರಿಗೆ ಉಳಿಯುತ್ತಿದ್ದುದು ಹಾಡಿನ ಪುಸ್ತಕ ಮತ್ತು ನೋಡಿ ಬಂದವರ ಬಾಯಿಮಾತು.

ಮನೆಯೊಳಗೆ ಸಿನಿಮಾ ಮೊದಲು ಬಂದದ್ದು ಕಣ್ಣಿನ ಮೂಲಕ ಅಲ್ಲ, ಕಿವಿಯ ಮೂಲಕ. ಗುಲ್ಬರ್ಗ ಆಕಾಶವಾಣಿ 1966ರಲ್ಲಿ ಆರಂಭವಾಯಿತು. ಚಿತ್ರಗೀತೆಗಳ ಜೊತೆಗೆ ಇಡೀ ಚಿತ್ರದ ಮಾತು-ಹಾಡುಗಳನ್ನು ಒಂದು ಗಂಟೆಗೆ ಸಂಕ್ಷೇಪಿಸಿ ಕೇಳಿಸುವ ಪದ್ಧತಿ ಆಕಾಶವಾಣಿಯಲ್ಲಿತ್ತು. ನಿಮ್ಮ ಅಜ್ಜಿಯನ್ನು ಕೇಳಿ ನೋಡಿ; ಕಣ್ಣಿಂದ ನೋಡದ ಚಿತ್ರದ ಸಂಭಾಷಣೆ ಅವರಿಗೆ ಬಾಯಿಪಾಠವಾಗಿರಲೂಬಹುದು.

ಅನಂತರ ಬಂತು ದೂರದರ್ಶನ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪೆಟ್ಟಿಗೆಗಳನ್ನು ಕೊಡಲಾಯಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದವು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ತಂತಿಬಲೆಯ ದೊಡ್ಡ ಕೊಡೆಯಂಥ ಆಂಟೆನಾದ ಕೆಳಗೆ ಹಳ್ಳಿಗೆ ಹಳ್ಳಿಯೇ ಕೂಡುತ್ತಿತ್ತು. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಬಂತು; ಬೆಂಗಳೂರು ಕೇಂದ್ರ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ಹಿಂದುಳಿದ ಜಿಲ್ಲೆಗೆ ಟಿ.ವಿ. ಬಂದ ಈ ಸಂಗತಿಯನ್ನು ನೆನಪಿಡಿ. 1982ರಲ್ಲಿ ಬಣ್ಣ ಬಂತು. ವಾರಾಂತ್ಯದ ಚಿತ್ರಕ್ಕಾಗಿ ಟಿ.ವಿ. ಇದ್ದ ಮನೆಯ ಪಡಸಾಲೆ ತುಂಬುವ ಕಾಲವೂ ಬಂತು.

ಈ ಕೆಲಸದಲ್ಲೇ ಇರುವವನಾದ್ದರಿಂದ ಒಂದು ಒಳಗುಟ್ಟನ್ನು ಹೇಳುತ್ತೇನೆ. ನಮ್ಮ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು, ಸಿನಿಮಾದಲ್ಲಿ 24. ಹೊಂದಿಸಲು ಚಿತ್ರವನ್ನು ತುಸು ವೇಗವಾಗಿ ಓಡಿಸುತ್ತಿದ್ದರು. 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತಿತ್ತು. ಹಾಡಿನ ಶ್ರುತಿಯೂ ಕೂದಲೆಳೆಯಷ್ಟು ಏರುತ್ತಿತ್ತು. ಆದ್ದರಿಂದ ಡಿಸ್ಕಿನ ಮೇಲೆ ಕಡಿಮೆ ಅವಧಿ ಬರೆದಿದ್ದರೆ ದೃಶ್ಯ ಕತ್ತರಿಸಿದ್ದಾರೆಂದು ಕೂಡಲೇ ತೀರ್ಮಾನಿಸಬೇಡಿ. ಮೊದಲು 25ರಿಂದ ಗುಣಿಸಿ 24ರಿಂದ ಭಾಗಿಸಿ. ಆಮೇಲೂ ಕಡಿಮೆ ಬಂದರೆ ಅನುಮಾನಿಸಿ.

ದೂರದರ್ಶನ ತೋರಿಸಿದ್ದನ್ನೇ ನೋಡಬೇಕಿತ್ತು. ಆಯ್ಕೆಯನ್ನು ಪ್ರೇಕ್ಷಕನ ಕೈಗೆ ಕೊಟ್ಟದ್ದು ಕ್ಯಾಸೆಟ್ಟು. ಮದುವೆ, ಹಬ್ಬಗಳಿಗೆ ವಿ.ಸಿ.ಆರ್. ಬಾಡಿಗೆಗೆ ತಂದು ರಾತ್ರಿಯಿಡೀ ಮೂರು ಚಿತ್ರ ನೋಡಿದ ಅನುಭವ ನಿಮ್ಮ ತಂದೆ-ತಾಯಂದಿರಿಗೆ ಇದ್ದೀತು. 1993ರಲ್ಲಿ ರೂಪುಗೊಂಡ ವಿ.ಸಿ.ಡಿ. ಇದನ್ನೂ ಮೀರಿಸಿತು. ಸುಮಾರು 15 ಗ್ರಾಂ ತೂಕದ ತಟ್ಟೆಯ ಮೇಲಿನ ಸೂಕ್ಷ್ಮ ಗುಳಿಗಳನ್ನು ಲೇಸರ್ ಕಿರಣ ಓದುತ್ತದೆ. ಒಂದು ತಟ್ಟೆಯಲ್ಲಿ 74 ನಿಮಿಷದ ಚಿತ್ರ ಹಿಡಿಯುತ್ತದೆ. ಆದ್ದರಿಂದಲೇ ಒಂದು ಸಿನಿಮಾಕ್ಕೆ ಎರಡು ಅಥವಾ ಮೂರು ತಟ್ಟೆ. 1996ರಲ್ಲಿ ಜಪಾನಿನಲ್ಲಿ ಬಂದ ಡಿ.ವಿ.ಡಿ. ಇನ್ನೂ ಕಿರಿದಾದ ಗುಳಿಗಳನ್ನು ಬಳಸಿ 4.7 ಗಿಗಾಬೈಟ್ ಮಾಹಿತಿ ಹಿಡಿಸಿತು. 2006ರ ಬ್ಲೂ-ರೇ ನೀಲಿ-ನೇರಳೆ ಕಿರಣದಿಂದ ಅದನ್ನು 25 ಗಿಗಾಬೈಟಿಗೆ ಏರಿಸಿತು. ಕಿರಣದ ತರಂಗಾಂತರ ಕಿರಿದಾದಷ್ಟೂ ಬರಹ ಸಣ್ಣದಾಗಬಹುದು. ಭೌತಶಾಸ್ತ್ರದ ಪುಸ್ತಕದಲ್ಲಿ ನೀವು ಓದುವ ಪಾಠವೇ ಇದು.

ಇತಿಹಾಸದ ದೃಷ್ಟಿಯಿಂದ ಮುಖ್ಯವಾದದ್ದು ಬೇರೆ. ನಾಲ್ಕು ಕಿಲೋಮೀಟರ್ ಉದ್ದದ ಸುರುಳಿಯನ್ನು ಹಂಚಿಕೆದಾರ ಮಾತ್ರ ಕಳಿಸಬಲ್ಲ. ಐವತ್ತು ಗ್ರಾಮಿನ ತಟ್ಟೆಗಳನ್ನು ಬೆಂಗಳೂರಿಗೆ ದುಡಿಯಲು ಹೋದ ಅಣ್ಣ ಜೇಬಿನಲ್ಲಿಟ್ಟುಕೊಂಡು ಬರಬಲ್ಲ. ‘ನಿಜಾಂ’ ಹಂಚಿಕೆಯ ಹಳೆಯ ಗಡಿ ಮುರಿದದ್ದು ಹೀಗೆ, ಸದ್ದಿಲ್ಲದೆ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರತೊಡಗಿದಾಗ ಒಂದು ಟಿಕೆಟಿನ ಹಣಕ್ಕೆ ಮನೆಮಂದಿಗೆಲ್ಲ ಚಿತ್ರ ದೊರೆಯಿತು. ಇಂದು ಮೊಬೈಲ್ ಫೋನು ಆ ಅಂಗಡಿಗಳನ್ನೂ ಮುಚ್ಚಿಸಿದೆ.

ಆದರೆ ಎಲ್ಲವೂ ಸಿಗುತ್ತದೆ ಎಂಬ ಭ್ರಮೆ ಬೇಡ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಕೊಲ್ಹಾಪುರದಲ್ಲಿ ತಯಾರಾಯಿತು. ವೈ.ವಿ. ರಾವ್ ನಿರ್ದೇಶಕರು, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಅಭಿನಯಿಸಿದರು. ಅದರ ಒಂದು ಪ್ರತಿಯೂ ಉಳಿದಿಲ್ಲ. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ (1931) ಸಹ ಇಲ್ಲ. ಕಾರಣ ರಸಾಯನಶಾಸ್ತ್ರದಲ್ಲಿದೆ. ಅಂದಿನ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದು. ಬೇಗ ಹೊತ್ತಿಕೊಳ್ಳುವಂಥದ್ದು, ಇಟ್ಟಲ್ಲೇ ಕೊಳೆಯುವಂಥದ್ದು. ಹಳೆಯ ಫಿಲ್ಮಿನಿಂದ ಬೆಳ್ಳಿ ತೆಗೆದು ಮಾರುವ ರೂಢಿಯೂ ಇತ್ತು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಗುವ ವೇಳೆಗೆ ಬಹಳಷ್ಟು ಕಳೆದುಹೋಗಿತ್ತು. ಅದನ್ನು ಕಟ್ಟಿದ ಪಿ.ಕೆ. ನಾಯರ್ ಅವರು ಊರೂರು ಅಲೆದು ಡಬ್ಬಗಳನ್ನು ಕೂಡಿಸಿದರು. ಅವರ ಬದುಕನ್ನು ಕುರಿತ ‘ಸೆಲ್ಯುಲಾಯ್ಡ್ ಮ್ಯಾನ್’ (2012) ಸಾಕ್ಷ್ಯಚಿತ್ರವನ್ನು ಅವಕಾಶ ಸಿಕ್ಕರೆ ನೋಡಿ. ಸಂಗ್ರಹಿಸಿಟ್ಟದ್ದರ ಫಲವೂ ಉಂಟು. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಮೂಲ ನೆಗೆಟಿವ್‌ನಿಂದ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು.

ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಹೋಗಿದ್ದೀರಾ? ಅಲ್ಲಿನ ಚಾಲುಕ್ಯ ದೇಗುಲದ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಸುಂದರಿಯ ಶಿಲ್ಪವಿದೆ. ಅವಳು ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ (1076-1126) ಕೀರ್ತಿಯನ್ನು. ಒಂಬತ್ತು ಶತಮಾನವಾದರೂ ಅಕ್ಷರ ನಿಂತಿದೆ. ತೊಂಬತ್ತು ವರ್ಷದ ಹಿಂದಿನ ಚಿತ್ರ ನಿಲ್ಲಲಿಲ್ಲ. ದಾಖಲೆಯನ್ನು ಯಾವುದರ ಮೇಲೆ ಬರೆಯುತ್ತೇವೆ, ಯಾರು ಕಾಯುತ್ತಾರೆ ಎಂಬುದು ಎಷ್ಟು ಮುಖ್ಯವೆಂದು ಈ ಎರಡನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

ಇನ್ನು ನೋಡುವ ಬಗೆ. ‘ಜಗಜ್ಯೋತಿ ಬಸವೇಶ್ವರ’ವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಮೊದಲ ಸಲ ನಿಲ್ಲಿಸದೆ, ಕಥೆಗಾಗಿ ನೋಡಿ. ಎರಡನೆಯ ಸಲ ನಿಲ್ಲಿಸಿ ನಿಲ್ಲಿಸಿ ನೋಡಿ. ಅರಮನೆಯ ದೃಶ್ಯಗಳನ್ನು ನಿಮ್ಮೂರಿನ ಕೋಟೆಯ ಜೊತೆಗೆ, ನಾರಾಯಣಪುರದ ದೇವಾಲಯದ ಜೊತೆಗೆ ಹೋಲಿಸಿ. ಅಭಿನಯದಲ್ಲಿ ಕಂಪನಿ ನಾಟಕದ ಮಾತಿನ ಧಾಟಿ ಎಷ್ಟಿದೆ ಎಂದು ಗಮನಿಸಿ.

ಆಮೇಲೆ ಪುಸ್ತಕ ತೆರೆಯಿರಿ. ಬಸವಣ್ಣನ ಬದುಕನ್ನು ಹರಿಹರ ಕವಿ ರಗಳೆಯಲ್ಲಿ ಹೇಳಿದ್ದಾನೆ. ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ, 1369ರಲ್ಲಿ ಭೀಮಕವಿ ಕನ್ನಡದಲ್ಲಿ ಬಸವಪುರಾಣ ಬರೆದರು. 1260ರ ಅರ್ಜುನವಾಡ ಶಾಸನದಲ್ಲಿ ಬಸವಣ್ಣನ ಪ್ರಸ್ತಾಪವಿದೆ. ಚಿತ್ರದ ಯಾವ ಘಟನೆ ಶಾಸನದಿಂದ ಬಂತು, ಯಾವುದು ಪುರಾಣದಿಂದ ಬಂತು, ಯಾವುದು ಚಿತ್ರಕಥೆ ಬರೆದವರ ಕಲ್ಪನೆ? ಇದೇ ಕಲ್ಯಾಣವನ್ನು ಪಿ. ಲಂಕೇಶ್ ‘ಸಂಕ್ರಾಂತಿ’ಯಲ್ಲಿ, ಎಚ್.ಎಸ್. ಶಿವಪ್ರಕಾಶ್ ‘ಮಹಾಚೈತ್ರ’ದಲ್ಲಿ, ಗಿರೀಶ ಕಾರ್ನಾಡರು ‘ತಲೆದಂಡ’ದಲ್ಲಿ (1990) ಕಂಡ ಬಗೆ ಬೇರೆ ಬೇರೆ. ನಾಲ್ಕನ್ನೂ ಓದಿ-ನೋಡಿದವನಿಗೆ ಬಿಜ್ಜಳ ಬರಿಯ ಖಳನಾಯಕನಾಗಿ ಉಳಿಯುವುದಿಲ್ಲ. ಚಿತ್ರ ತಯಾರಿಕೆಯ ಒಳನೋಟಕ್ಕೆ ಕಾರ್ನಾಡರ ಆತ್ಮಕಥೆ ‘ಆಡಾಡತಾ ಆಯುಷ್ಯ’ವನ್ನು, ರಂಗಭೂಮಿಯ ಹಿನ್ನೆಲೆಗೆ ಗುಬ್ಬಿ ವೀರಣ್ಣನವರ ‘ಕಲೆಯೇ ಕಾಯಕ’ವನ್ನು ಓದಬಹುದು.

ಮೂರನೆಯದು ಕೇಳುವುದು. ವಿದೇಶದಲ್ಲಿ 1984ರಲ್ಲೇ ‘ಕಿಂಗ್ ಕಾಂಗ್’ ಚಿತ್ರದ ಡಿಸ್ಕಿನಲ್ಲಿ ತಜ್ಞರೊಬ್ಬರ ವಿವರಣೆಯನ್ನು ಪ್ರತ್ಯೇಕ ಧ್ವನಿಪಥದಲ್ಲಿ ಸೇರಿಸಿದ್ದರು. ನಮ್ಮ ಅಗ್ಗದ ತಟ್ಟೆಗಳಲ್ಲಿ ಅದಿರಲಿಲ್ಲ. ಆ ಕೊರತೆಯನ್ನು ಈಗ ಪಾಡ್‌ಕಾಸ್ಟು, ಅಂದರೆ ಬೇಕೆಂದಾಗ ಕೇಳುವ ಅಂತರಜಾಲದ ಬಾನುಲಿ, ತುಂಬಬಲ್ಲದು. ಈ ಪದ ಹುಟ್ಟಿದ್ದು 2004ರಲ್ಲಿ. ಹಾಲಿವುಡ್ಡಿನ ಮೊದಲ ಶತಮಾನದ ಕಥೆ ಹೇಳುವ ‘ಯು ಮಸ್ಟ್ ರಿಮೆಂಬರ್ ದಿಸ್’ 2014ರಲ್ಲಿ ಆರಂಭವಾಯಿತು. ಕನ್ನಡದಲ್ಲೂ ‘ತಲೆ-ಹರಟೆ’ಯಂಥ ಪ್ರಯತ್ನಗಳಾಗಿವೆ. ಆದರೆ ಬೀದರ್ ಸೀಮೆಯ ಸಿನಿಮಾ ನೆನಪುಗಳನ್ನು ಹೇಳಬಲ್ಲವರು ನಿಮ್ಮ ಓಣಿಯಲ್ಲೇ ಇದ್ದಾರೆ. ಡೇರೆಯಲ್ಲಿ ಟಿಕೆಟ್ ಹರಿದವರು, ಪ್ರೊಜೆಕ್ಟರ್ ನಡೆಸಿದವರು, ಕ್ಯಾಸೆಟ್ ಅಂಗಡಿ ಇಟ್ಟವರು. ಅವರ ಒಪ್ಪಿಗೆ ಪಡೆದು, ಫೋನಿನಲ್ಲೇ ಅರ್ಧ ಗಂಟೆ ಧ್ವನಿಮುದ್ರಿಸಿ. ಹೆಸರು, ಊರು, ದಿನಾಂಕ ಬರೆದಿಡಿ.

ಇನ್ನೊಂದು ಮಾತು. ಚಲನಚಿತ್ರದ ಹಕ್ಕು ನಮ್ಮ ಕಾನೂನಿನಂತೆ ಪ್ರಕಟವಾದ ವರ್ಷದ ನಂತರ 60 ವರ್ಷ. 1959ರ ಚಿತ್ರದ ಈ ಅವಧಿ 2019ರ ಡಿಸೆಂಬರ್ 31ಕ್ಕೆ ಮುಗಿಯಿತು. ಹಾಡು, ಸಾಹಿತ್ಯಗಳ ಹಕ್ಕಿನ ಲೆಕ್ಕ ಬೇರೆ ಎಂಬುದನ್ನು ಮರೆಯಬೇಡಿ. ಹಕ್ಕು ಮುಗಿದ ಚಿತ್ರವನ್ನು ಕಾಯುವ ವ್ಯಾಪಾರಿ ಇರುವುದಿಲ್ಲ, ಕಾಯಬೇಕಾದವರು ನೋಡುವವರೇ.

ಮನೆಯ ಕಪಾಟಿನಲ್ಲಿ ಹಳೆಯ ತಟ್ಟೆಗಳಿದ್ದರೆ ಎಸೆಯುವ ಮೊದಲು ಒಮ್ಮೆ ನೋಡಿ. ಸಿ.ಡಿ.ಯಲ್ಲಿ ಲೋಹದ ಪದರವಿರುವುದು ಹೆಸರು ಮುದ್ರಿಸಿದ ಬದಿಯ ಕೆಳಗೇ. ಆ ಬದಿ ಗೀಚಿದರೆ ಮರಳಿ ಬಾರದು. ಮನೆಯಲ್ಲಿ ಬರೆದ ತಟ್ಟೆಯ ಬಣ್ಣದ ಪದರ ಬಿಸಿಲಿಗೆ ಮಾಸುತ್ತದೆ. ನೆರಳಿನಲ್ಲಿ, ನೆಟ್ಟಗೆ ನಿಲ್ಲಿಸಿಡಿ. ಯಾವ ಚಿತ್ರ, ಯಾವ ವರ್ಷ, ಎಷ್ಟು ನಿಮಿಷ ಎಂದು ಒಂದು ನೋಟುಬುಕ್ಕಿನಲ್ಲಿ ಪಟ್ಟಿ ಮಾಡಿ. ಪಿ.ಕೆ. ನಾಯರ್ ಅವರ ಸಂಗ್ರಹಾಲಯವೂ ಇಂಥದೇ ಪಟ್ಟಿಗಳಿಂದ ಬೆಳೆಯಿತು. ಈ ಭಾನುವಾರ ನಿಮ್ಮ ಪಟ್ಟಿಯ ಮೊದಲ ಸಾಲು ಬರೆಯಿರಿ.