ಕಾಯಕದ ನಡುವೆ ಚಿತ್ತಶಾಂತಿ
(ಎಡೆದೊರೆ ನಾಡಿನ ಶರಣದಂಪತಿಗಳ ಚರಿತ್ರೆಯಿಂದ ದೊರೆಯುವ ಪಾಠ)

ಚಿತ್ತವು ಶಾಂತವಾಗಬೇಕಾದರೆ ಮನುಷ್ಯನು ಮನೆಮಾರುಗಳನ್ನು ತೊರೆದು ಗವಿಯನ್ನೋ ವನವನ್ನೋ ಸೇರಬೇಕೆಂಬ ಭಾವನೆಯು ಬಹುಕಾಲದಿಂದ ಜನರಲ್ಲಿ ಬೇರೂರಿರುವುದು. ಇದು ನಿಜವಾದರೆ ಹೊಲವನ್ನು ಉಳುವ ಒಕ್ಕಲಿಗನಿಗೂ, ಅಂಗಡಿಯಲ್ಲಿ ಕುಳಿತ ವ್ಯಾಪಾರಿಗೂ, ನಸುಕಿನಲ್ಲೆದ್ದು ರೊಟ್ಟಿ ಬಡಿಯುವ ತಾಯಿಗೂ ಶಾಂತಿಯು ಎಂದಿಗೂ ದಕ್ಕದ ವಸ್ತುವೆಂದು ಹೇಳಿದಂತಾಗುವುದು. ೧೨ನೆಯ ಶತಮಾನದ ಶಿವಶರಣರು ಈ ಮಾತನ್ನು ಒಪ್ಪಲಿಲ್ಲ. ದುಡಿಯುವವನ ಕೈಯೊಳಗೇ ಶಾಂತಿಯ ಕೀಲಿಯಿದೆಯೆಂದು ಅವರು ನಡೆದು ತೋರಿಸಿದರು. ಆ ಕೀಲಿಯು ಯಾವುದೆಂಬುದನ್ನು ಅತ್ಯಂತ ಸ್ಪಷ್ಟವಾಗಿ ತಿಳಿಸಿದವಳು ಪಂಡಿತಳೂ ಅಲ್ಲ, ಸಂನ್ಯಾಸಿನಿಯೂ ಅಲ್ಲ. ಅಕ್ಕಿಯ ಕಾಳನ್ನು ನೆಚ್ಚಿ ಸಂಸಾರ ನಡೆಸಿದ ಒಬ್ಬ ಬಡ ಗೃಹಿಣಿ. ಅವಳು ಈ ಸೀಮೆಯವಳೇ ಎಂಬುದು ಅರಕೇರಾದ ಸುತ್ತಮುತ್ತಲಿನ ಭಕ್ತರಿಗೆ ಅಭಿಮಾನದ ಸಂಗತಿಯು.

ದೇವದುರ್ಗ ಸೀಮೆಯ ಅರಕೇರಾ ಗ್ರಾಮವು ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ನೆಲದಲ್ಲಿರುವುದು. ಎರಡು ಹೊಳೆಗಳ ನಡುವಿನದಾದುದರಿಂದ ಪ್ರಾಚೀನರು ಇದನ್ನು ಎಡೆದೊರೆ ನಾಡೆಂದು ಕರೆದರು. ಈ ನಾಡು ಎಂದೂ ನಿಶ್ಶಬ್ದವಾಗಿರಲಿಲ್ಲ. ಇದರ ಒಡೆತನಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ತಲೆಮಾರುಗಳವರೆಗೆ ಕಾದಾಡಿದರು; ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ವಿಜಾಪುರದ ಆದಿಲಶಾಹಿಯಿಂದ ಗೆದ್ದನು. ಮುಂದೆ ನಿಜಾಮರ ಕೈಸೇರಿದ ಈ ಪ್ರಾಂತವು ೧೮೫೩ರಲ್ಲಿ ಇಂಗ್ಲಿಷರ ವಶಕ್ಕೆ ಹೋಗಿ, ೧೮೬೦ರಲ್ಲಿ ಮರಳಿ ನಿಜಾಮರಿಗೆ ಬಂದಿತು. ೧೮೭೧ರಲ್ಲಿ ಮುಂಬಯಿ ಮತ್ತು ಮದರಾಸುಗಳ ಕಡೆಯಿಂದ ಬಂದ ಉಗಿಬಂಡಿಯ ಹಳಿಗಳು ರಾಯಚೂರಿನಲ್ಲಿ ಒಂದಕ್ಕೊಂದು ಕೂಡಿದವು. ೧೯೪೮ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ೧೯೫೬ರಲ್ಲಿ ರಾಯಚೂರು ಜಿಲ್ಲೆಯು ಕನ್ನಡ ನಾಡಿನೊಡನೆ ಒಂದಾಯಿತು. ೧೯೮೨ರಲ್ಲಿ ಕೃಷ್ಣೆಗೆ ಕಟ್ಟಿದ ನಾರಾಯಣಪುರದ ಅಣೆಕಟ್ಟು ಪೂರ್ಣವಾಗಿ, ಮಳೆಯನ್ನೇ ನೆಚ್ಚಿದ್ದ ಎರೆಹೊಲಗಳ ಕಡೆಗೆ ಕಾಲುವೆಯ ನೀರು ಹರಿಯುವ ಕಾಲವೂ ಬಂದಿತು. ಹೊರಗಣ ಗದ್ದಲವು ನಿಂತ ಮೇಲೆ ಒಳಗಣ ಶಾಂತಿಯನ್ನು ಸಾಧಿಸುವೆನೆಂದು ಕಾದು ಕುಳಿತವನಿಗೆ ಈ ನಾಡಿನಲ್ಲಿ ಯಾವ ಶತಮಾನವೂ ಅನುಕೂಲವಾಗುತ್ತಿರಲಿಲ್ಲ.

ದೇವದುರ್ಗದಿಂದ ಪಶ್ಚಿಮಕ್ಕೆ, ಲಿಂಗಸುಗೂರು ಸೀಮೆಯಲ್ಲಿ, ಗುರುಗುಂಟೆಯ ಸಮೀಪದ ಅಮರೇಶ್ವರ ಕ್ಷೇತ್ರವಿರುವುದು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ಶರಣದಂಪತಿಗಳು ಅಲ್ಲಿಯವರು. ಬಸವಣ್ಣನವರ ಕೀರ್ತಿಯನ್ನು ಕೇಳಿ ಅವರು ಕಲ್ಯಾಣಕ್ಕೆ ಹೋಗಿ ನೆಲಸಿದರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮದಾಸೋಹ ಮಾಡಿ ಉಳಿದುದನ್ನು ಪ್ರಸಾದವಾಗಿ ಸ್ವೀಕರಿಸುವುದು ಅವರ ಕಾಯಕವಾಗಿತ್ತು. ಇಬ್ಬರೂ ವಚನಗಳನ್ನು ರಚಿಸಿದರು. ೧೫ನೆಯ ಶತಮಾನದಲ್ಲಿ ರೂಪುಗೊಂಡ ಶೂನ್ಯಸಂಪಾದನೆಯ ಪರಂಪರೆಯಲ್ಲಿ ಇವರ ವೃತ್ತಾಂತವು ವಿಸ್ತಾರವಾಗಿ ಬಂದಿರುವುದು.

ಆ ವೃತ್ತಾಂತದಲ್ಲಿ ಲಕ್ಕಮ್ಮನು ಪತಿಯನ್ನು ಎಚ್ಚರಿಸುವ ಎರಡು ಸಂದರ್ಭಗಳುಂಟು. ಒಮ್ಮೆ ಮಾರಯ್ಯನು ಶರಣರ ಅನುಭಾವಗೋಷ್ಠಿಯ ಸವಿಯಲ್ಲಿ ಮುಳುಗಿ ಕಾಯಕದ ಹೊತ್ತನ್ನು ಮರೆತನು. ಸತಿಯು ಅವನಿಗೆ ಕೆಲಸವು ನಿಂತಿರುವುದನ್ನು ನೆನಪಿಸಿ ಕಳುಹಿಸಿದಳು. ಇನ್ನೊಮ್ಮೆ ಅವನು ನಿತ್ಯದ ಅಳತೆಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದನು. ಬಡವರ ಮನೆಗೆ ಅಕ್ಕಿಯು ಹೆಚ್ಚಾಗಿ ಬಂದರೆ ಯಾವ ಗೃಹಿಣಿಯು ಹಿಗ್ಗಳು? ಲಕ್ಕಮ್ಮನು ಹಿಗ್ಗಲಿಲ್ಲ. ಈ ಅತಿಯಾಸೆಯು ನಿಮಗೆಲ್ಲಿಂದ ಬಂದಿತೆಂದು ಕೇಳಿ, ಹೆಚ್ಚಾದುದನ್ನು ಮೊದಲಿನ ಎಡೆಯಲ್ಲಿಯೇ ಸುರಿದು ಬರುವಂತೆ ಹೇಳಿದಳು. ಮಾರಯ್ಯನು ಮರುಮಾತಾಡದೆ ಹಾಗೆಯೇ ಮಾಡಿದನು.

ಈ ಎರಡು ಮಾತುಗಳನ್ನು ಕೂಡಿಸಿ ನೋಡಿದಾಗ ಚಿತ್ತಶಾಂತಿಯ ಮರ್ಮವು ಹೊಳೆಯುವುದು. ಕೆಲಸವನ್ನು ಬಿಟ್ಟು ಪಡೆದ ನೆಮ್ಮದಿಯು, ಅದು ಸತ್ಸಂಗದ ನೆಮ್ಮದಿಯೇ ಆಗಿದ್ದರೂ, ಪೂರ್ಣವಾದುದಲ್ಲ. ಬೇಕಾದುದಕ್ಕಿಂತ ಹೆಚ್ಚಿನದಕ್ಕಾಗಿ ಮಾಡಿದ ಕೆಲಸವು ನಿಜವಾದ ಕಾಯಕವೂ ಅಲ್ಲ. ಮೊದಲನೆಯದರಲ್ಲಿ ಮೈಗಳ್ಳತನದ ನೆರಳುಂಟು; ಎರಡನೆಯದರಲ್ಲಿ ನಾಳೆಯ ಚಿಂತೆಯುಂಟು. ಇಂದಿಗೆ ಸಾಕಾಗುವಷ್ಟು ಅಕ್ಕಿಯನ್ನು ಆಯುವವನ ಕೈಗೆ ದುಡಿಮೆಯುಂಟು, ಮನಸ್ಸಿಗೆ ಬಿಡುವುಂಟು. ನಾಳೆಗೂ ನಾಡಿದ್ದಿಗೂ ಆಯತೊಡಗಿದವನ ಕೈಯು ಬಿಡುವಾದರೂ ಮನಸ್ಸಿಗೆ ಬಿಡುವಿಲ್ಲ. ಆದುದರಿಂದ ಮನುಷ್ಯನನ್ನು ದಣಿಸುವುದು ದುಡಿಮೆಯಲ್ಲ, ಅಳತೆಯಿಲ್ಲದ ಬೇಕು ಎಂಬುದು ಲಕ್ಕಮ್ಮನ ಉಪದೇಶದ ತಿರುಳು.

ನುಲಿಯ ಚಂದಯ್ಯನ ವೃತ್ತಾಂತವೂ ಇದನ್ನೇ ಪುಷ್ಟೀಕರಿಸುವುದು. ಅವನು ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಿಂದ ದಾಸೋಹ ನಡೆಸುತ್ತಿದ್ದನು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿಬಿದ್ದರೂ ಅವನು ಕಾಯಕವನ್ನು ನಿಲ್ಲಿಸಲಿಲ್ಲವೆಂದೂ, ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಹೆಚ್ಚಾಗಿ ಬಂದ ಹೊನ್ನನ್ನು ಸ್ವೀಕರಿಸಲಿಲ್ಲವೆಂದೂ ಪರಂಪರೆಯು ಹೇಳುವುದು. ಕೃಷ್ಣೆಯ ಆಚೆಯ ದಡದ ಸುರಪುರ ಸೀಮೆಯಲ್ಲಿ ಮುದನೂರಿನ ದೇವರ ದಾಸಿಮಯ್ಯನು ಮಗ್ಗದ ಮುಂದೆ ಕುಳಿತೇ ಶಿವನನ್ನು ಕಂಡನೆಂದು ಜನರು ನಂಬುವರು. ಬಸವಣ್ಣನವರಾದರೋ ಬಿಜ್ಜಳನ ಭಂಡಾರದ ಲೆಕ್ಕವನ್ನು ಹೊತ್ತವರು. ಹಗ್ಗ, ಮಗ್ಗ, ಭಂಡಾರ, ಇವುಗಳಲ್ಲಿ ಯಾವುದೂ ಅವರ ಸಾಧನೆಗೆ ಅಡ್ಡಿಯಾಗಲಿಲ್ಲ.

ಅಡ್ಡಿಯಾಗದಿರುವುದಕ್ಕೆ ಶರಣರು ಕಲ್ಪಿಸಿಕೊಂಡ ಸಾಧನವು ಇಷ್ಟಲಿಂಗಪೂಜೆಯು. ದೇವರ ದರ್ಶನಕ್ಕೆ ದೂರದ ಗುಡಿಗೆ ಹೋಗಬೇಕಾದವನು ಬಿಡುವನ್ನು ಹುಡುಕಬೇಕು. ದೇವರನ್ನು ಎದೆಯ ಮೇಲೆ ಧರಿಸಿದವನಿಗೆ ಆ ತೊಡಕಿಲ್ಲ. ಸ್ನಾನಾನಂತರ ವಿಭೂತಿಯನ್ನು ಧರಿಸಿ, ಲಿಂಗವನ್ನು ಎಡದ ಅಂಗೈಯಲ್ಲಿಟ್ಟು, ಅದರ ಕಪ್ಪು ಹೊಳಪಿನ ಮೇಲೆ ದೃಷ್ಟಿಯನ್ನು ನಿಲ್ಲಿಸಿ, ಪಂಚಾಕ್ಷರಿಯನ್ನು ಜಪಿಸುವಾಗ, ಅಲೆಯುವ ಕಣ್ಣಿಗೆ ಒಂದು ನೆಲೆಯಾಗುವುದು. ಕಣ್ಣು ನಿಂತಂತೆ ಉಸಿರು ಸಮವಾಗುವುದು. ಉಸಿರು ಸಮವಾದಂತೆ ಮನಸ್ಸು ತಿಳಿಯಾಗುವುದು. ಪೂಜೆಯು ಮುಗಿದ ಕೂಡಲೆ ಅದೇ ಅಂಗೈಯು ನೇಗಿಲನ್ನೋ ಲೇಖನಿಯನ್ನೋ ಹಿಡಿಯುವುದು. ಬೆಳಗಿನ ಆ ನೆಲೆಯು ಹಗಲಿನ ಕಾಯಕದಲ್ಲಿಯೂ ಕದಡದಂತೆ ಕಾಯ್ದುಕೊಳ್ಳುವುದೇ ಸಾಧನೆಯು.

ಇಂತಹ ಶಾಂತಿಯು ಮನುಷ್ಯನನ್ನು ಜಡನನ್ನಾಗಿ ಮಾಡುವುದೆಂದು ಕೆಲವರು ಶಂಕಿಸಬಹುದು. ಕಲ್ಯಾಣದ ಚರಿತ್ರೆಯೇ ಇದಕ್ಕೆ ಉತ್ತರವು. ಕುಲಭೇದವನ್ನು ಧಿಕ್ಕರಿಸಿದ ಶರಣರು ೧೧೬೭ರ ಸುಮಾರಿನ ಕ್ಷೋಭೆಯಲ್ಲಿ ದಿಕ್ಕುದಿಕ್ಕಿಗೆ ಚದುರಬೇಕಾಯಿತು. ಆದರೂ ತಮ್ಮ ನಿಲುವನ್ನು ಬಿಡಲಿಲ್ಲ. ಆಸೆಯನ್ನು ಅಳತೆಯಲ್ಲಿಟ್ಟವನಿಗೆ ಕಳೆದುಕೊಳ್ಳುವ ಭಯವೂ ಕಡಿಮೆ.

ಸಮೀಪಕಾಲದಲ್ಲಿ ಇದಕ್ಕೆ ನಿದರ್ಶನರಾದವರು ವಿಜಾಪುರದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು (೧೮೮೦-೧೯೬೪). ವಕೀಲಿಯೆಂದರೆ ಬಿಡುವಿಲ್ಲದ ವೃತ್ತಿಯು. ಅದರ ನಡುವೆಯೇ ಅವರು ಊರೂರು ತಿರುಗಿ, ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಇದ್ದ ತಾಡವೋಲೆಗಳನ್ನು ಸಂಗ್ರಹಿಸಿದರು. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಈ ಕಾರ್ಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಅವರು ಮಾಡಿದ ಕೆಲಸಗಳು ಹಲವು. ತಮಗಾಗಿ ಬಯಸಿದುದು ಅತ್ಯಲ್ಪ. ಲಕ್ಕಮ್ಮ ಮಾರಯ್ಯರ ಮಾತುಗಳು ಇಂದು ಮನೆಮನೆಗೂ ತಲುಪಿರುವುದಕ್ಕೆ ಅವರ ಆ ದುಡಿಮೆಯೂ ಒಂದು ಮುಖ್ಯ ಕಾರಣವು.

ಈಗಿನ ಕಾಲದಲ್ಲಿ ಅಂಗೈಯನ್ನು ಹಗಲಿರುಳು ಮೊಬೈಲು ಆಕ್ರಮಿಸಿರುವುದು. ಕಣ್ಣಿಗೆ ನೆಲೆಯನ್ನು ಕೊಡಬೇಕಾದ ಅಂಗೈಯೇ ಕಣ್ಣನ್ನು ಸಾವಿರ ಕಡೆಗೆ ಎಳೆಯುತ್ತಿರುವುದು. ಕಾಲುವೆಯ ನೀರು ಬಂದಲ್ಲಿ ಒಂದು ಬೆಳೆಯ ಜೊತೆಗೆ ಇನ್ನೊಂದರ ಆಸೆಯು ಹುಟ್ಟಿ, ಆಸೆಯ ಜೊತೆಗೆ ಸಾಲವೂ ಬರುವುದುಂಟು. ನೀರೂ ಯಂತ್ರವೂ ದೋಷವುಳ್ಳವಲ್ಲ. ಅವುಗಳನ್ನು ಯಾರೂ ತ್ಯಜಿಸಬೇಕಾಗಿಲ್ಲ. ಮಾರಯ್ಯನು ತುಂಬಿದ ಚೀಲವನ್ನು ಹೊತ್ತು ಬಂದಾಗ ಬಾಗಿಲಲ್ಲಿ ಕೇಳಿದ ಪ್ರಶ್ನೆಯೊಂದು ಪ್ರತಿ ಮನೆಯಲ್ಲಿಯೂ ಕೇಳಿಬಂದರೆ ಸಾಕು. ತಂದುದು ಎಷ್ಟು, ಬೇಕಾದುದು ಎಷ್ಟು ಎಂದು ಸಂಜೆಗೊಮ್ಮೆ ಲೆಕ್ಕ ನೋಡುವ ಗೃಹಸ್ಥನೂ, ಬೆಳಿಗ್ಗೆ ಅರೆಗಳಿಗೆಯಾದರೂ ಅಂಗೈಯನ್ನು ಲಿಂಗಕ್ಕೆ ಮೀಸಲಿಡುವ ಗೃಹಿಣಿಯೂ ಕಲ್ಯಾಣದ ದಾರಿಯಲ್ಲಿಯೇ ಇರುವರು. ಎಡೆದೊರೆ ನಾಡಿನ ಈ ತಾಯಿಯು ತೋರಿದ ಅಳತೆಯು ಭಕ್ತರ ಮನೆಗಳಲ್ಲಿ ನೆಲೆಗೊಳ್ಳಲಿ. ಅವರ ಕಾಯಕವು ನಿಲ್ಲದಿರಲಿ, ಅವರ ಚಿತ್ತವು ಕದಡದಿರಲಿ.