ಕಚೇರಿ ಬಂತು, ರಸ್ತೆ ಬಂತು: ಶಿಗ್ಗಾಂವ ಬೆಳೆದ ಬಗೆ

ಸಂಘದ ಲೆಕ್ಕಪತ್ರಗಳು ಈ ಸಂಚಿಕೆಯ ಬೇರೆ ಪುಟಗಳಲ್ಲಿವೆ. ನಮಗೆ ವಹಿಸಿದ ಕೆಲಸ ನಮ್ಮ ಪಕ್ಕದ ಪೇಟೆ ಶಿಗ್ಗಾಂವದ ಇತಿಹಾಸ ಬರೆಯುವುದು. ನಾವು ಎಸ್.ಎಸ್.ಎಲ್.ಸಿ. ಕಲಿತ ಒಕ್ಕಲಿಗರು, ಪಂಡಿತರಲ್ಲ. ತಪ್ಪಿದ್ದರೆ ಹಿರಿಯರು ತಿದ್ದಬೇಕೆಂದು ವಿನಂತಿ.

ಹಿಂದಿನ ಕಾಲದಾಗ ಈ ಸೀಮೆಯ ದೊಡ್ಡ ಊರು ಅಂದರೆ ಶಿಗ್ಗಾಂವ ಅಲ್ಲ, ಬಂಕಾಪುರ. ರಾಷ್ಟ್ರಕೂಟ ದೊರೆ ಅಮೋಘವರ್ಷನ ದಂಡನಾಯಕ ಬಂಕೇಶನಿಂದ ಆ ಊರಿಗೆ ಹೆಸರು ಬಂತು. ಗಂಗರ ದೊರೆ ಮಾರಸಿಂಹ ರಾಜ್ಯ ಬಿಟ್ಟು ಬಂದು, ಕ್ರಿ.ಶ. 974ರ ಸುಮಾರಿಗೆ ಅಲ್ಲಿಯೇ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟನು. ಕೋಟೆಯೊಳಗಿನ ನಗರೇಶ್ವರ ಗುಡಿಯನ್ನು ಜನ ಅರವತ್ತು ಕಂಬದ ಗುಡಿ ಅಂತಾರೆ. ಕನಕದಾಸರ ಬಾಡವೂ ಅಲ್ಲೇ ಸಮೀಪ. ಸವಣೂರ ನವಾಬರ ಮನೆತನ ಮೊದಲು ಬಂಕಾಪುರದಲ್ಲಿದ್ದು ಆಮೇಲೆ ಸವಣೂರಿಗೆ ಹೋಯಿತು. ಇಂಗ್ಲಿಷರ ಆಳ್ವಿಕೆಯಲ್ಲಿ ತಾಲೂಕಿನ ಹೆಸರು ಬಂಕಾಪುರದ್ದೇ ಉಳಿಯಿತು, ಆದರೆ ಕಚೇರಿ ಶಿಗ್ಗಾಂವದಲ್ಲಿ ಕುಳಿತಿತು. ನಮ್ಮ ತಿಳುವಳಿಕೆಯಂತೆ ಶಿಗ್ಗಾಂವದ ದೆಸೆ ತಿರುಗಿದ್ದು ಅಲ್ಲಿಂದಲೇ. ಕಚೇರಿ ಇದ್ದಲ್ಲಿ ಅರ್ಜಿ ಬರೆಯುವವರು ಬಂದರು, ಅವರ ಹಿಂದೆ ಚಹಾದಂಗಡಿ ಬಂತು, ಅದರ ಹಿಂದೆ ಕಿರಾಣಿ ಅಂಗಡಿ.

ಹುಬ್ಬಳ್ಳಿಯಿಂದ ಹರಿಹರದ ಕಡೆ ಹೋಗುವ ರೈಲು ಮಾತ್ರ ಶಿಗ್ಗಾಂವವನ್ನು ಮುಟ್ಟಲಿಲ್ಲ. ನಮ್ಮ ಪಾಲಿಗೆ ಬಂದದ್ದು ಪುಣೆ-ಬೆಂಗಳೂರು ರಸ್ತೆ. 2000ರ ನಂತರದ ವರ್ಷಗಳಲ್ಲಿ ಅದು ನಾಲ್ಕು ಸಾಲಿನ ಹೆದ್ದಾರಿ ಆಯಿತು. ಅದಕ್ಕೂ ಮೊದಲು 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಹಾವೇರಿ ಜಿಲ್ಲೆ ಆಗಿತ್ತು. ನಮ್ಮ ಅಪ್ಪನವರು ಒಂದು ಕಾಗದಕ್ಕಾಗಿ ಧಾರವಾಡಕ್ಕೆ ಹೋಗಿ, ಸಾಹೇಬರು ಸಿಗದೆ ರಾತ್ರಿ ಬಸ್ ನಿಲ್ದಾಣದಲ್ಲೇ ಮಲಗಿ ಬಂದದ್ದು ನಮಗೆ ನೆನಪೈತಿ. ಈಗ ಹಾವೇರಿಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಇದನ್ನು ಸಣ್ಣ ಅನುಕೂಲ ಅನ್ನಬಾರದು. 2011ರಲ್ಲಿ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಆಯಿತು. ಸೋಲಬಕ್ಕನವರ ಕಲ್ಪನೆಯ ಉತ್ಸವ ರಾಕ್ ಗಾರ್ಡನ್ ನೋಡಲು ಹೆದ್ದಾರಿಯಲ್ಲಿ ದೂರದೂರಿನ ಶಾಲಾ ಮಕ್ಕಳ ಬಸ್ಸುಗಳು ಬಂದು ನಿಲ್ಲುತ್ತವೆ. ಅಲ್ಲಿ ಸಿಮೆಂಟಿನಲ್ಲಿ ಮಾಡಿಟ್ಟ ಒಕ್ಕಲುತನ, ಎತ್ತು, ಬಂಡಿಗಳನ್ನು ನಮ್ಮೂರ ಹುಡುಗರೂ ಟಿಕೀಟು ತಗೊಂಡು ನೋಡ್ತಾರ. ನಗಬೇಕೋ ಅಳಬೇಕೋ ತಿಳಿಯದು.

ಪೇಟೆ ಹಬ್ಬಿದ ಕಥೆ ನಮ್ಮ ಸಂಘದ ದಫ್ತರದಲ್ಲೇ ಐತಿ. ಯಾರಾದರೂ ಹೊಲ ಮಾರಬೇಕಾದರೆ ಸಂಘದ ಬೇಬಾಕಿ ಪತ್ರ ಕೇಳಿಕೊಂಡು ಬರುತ್ತಾರೆ. ಮೊದಮೊದಲು ವರ್ಷಕ್ಕೆ ಒಂದೋ ಎರಡೋ, ಅದೂ ಮಗಳ ಮದುವೆಗೆ. ರಸ್ತೆ ಅಗಲವಾದ ಮೇಲೆ ಎಕರೆ ಲೆಕ್ಕ ಹೋಗಿ ಗುಂಟೆ ಲೆಕ್ಕ ಬಂತು, ಗುಂಟೆ ಹೋಗಿ ಚದರಡಿ ಬಂತು. ಕೂರಿಗೆ ಭತ್ತ ಬಿತ್ತುತ್ತಿದ್ದ, ಹತ್ತಿ, ಗೋವಿನಜೋಳ ಬೆಳೆದ ಹೊಲಗಳಲ್ಲಿ ಎನ್.ಎ. ಆಗಿ ಪ್ಲಾಟಿನ ಕಲ್ಲು ನಿಂತವು. ಆ ಪತ್ರಗಳಿಗೆ ಸಹಿ ಮಾಡಿದವರು ನಾವೇ ನಿರ್ದೇಶಕರು. ಸಾಲ ತೀರಿದವನಿಗೆ ಬೇಬಾಕಿ ಕೊಡುವುದಿಲ್ಲ ಅನ್ನಾಕ ಬರುವುದಿಲ್ಲ. ಸಾಲ ತೀರಿತಲ್ಲ ಅಂತ ಆಗ ಖುಷಿಯೂ ಪಟ್ಟೆವು, ಸುಳ್ಳು ಹೇಳುವುದಿಲ್ಲ.

ಹೊಸ ಬಡಾವಣೆಯ ಜನರನ್ನು ದೂರುವುದು ನಮ್ಮ ಉದ್ದೇಶವಲ್ಲ. ಮಾಸ್ತರರು, ಬಸ್ಸಿನ ಡ್ರೈವರ್, ಕಂಡಕ್ಟರ್‌ಗಳು, ಹಾನಗಲ್ಲ, ಹಿರೇಕೆರೂರ ಕಡೆಯಿಂದ ಮಕ್ಕಳ ಶಾಲೆಗಾಗಿ ಬಂದ ರೈತರು ಅಲ್ಲಿದ್ದಾರೆ. ಮೊದಲ ವರ್ಷ ಯಾರಿಗೆ ಯಾರೂ ಮಾತಾಡುತ್ತಿರಲಿಲ್ಲ. ನಮ್ಮ ಭಜನಿ ಮಂಡಳಿಯವರು ಗಣೇಶನ ಮುಂದೆ ಶರೀಫಜ್ಜನ ತತ್ವಪದ ಹಾಡಿದ ರಾತ್ರಿ ಬಾಗಿಲುಗಳು ತೆರೆದವು. ಶಿಶುನಾಳ ನಮ್ಮ ತಾಲೂಕಿನದೇ. ಮುಸಲ್ಮಾನ ಶಿಷ್ಯ ಶರೀಫರು, ಬ್ರಾಹ್ಮಣ ಗುರು ಗೋವಿಂದಭಟ್ಟರು ಕೂಡಿ ಬಾಳಿದ ನೆಲ ಇದು. ಈಗ ಮೊಹರಮ್ಮಿನ ಡೋಲಿಗೂ ಕಾರ್ತಿಕದ ದೀಪಕ್ಕೂ ಬಡಾವಣೆಯಿಂದ ಪಟ್ಟಿ ಬರುತ್ತದೆ.

ಆದರೆ ಹೊಲ ಮಾರಿದ ನಮ್ಮ ಸದಸ್ಯರ ಗತಿ? ಒಬ್ಬ ಹಿರಿಯರು ಮನೆ ಕಟ್ಟಿಸಿ, ಮಗನಿಗೆ ವಾಹನ ಕೊಡಿಸಿ, ಉಳಿದದ್ದನ್ನು ಖರ್ಚು ಮಾಡಿ, ಮೂರನೇ ಮುಂಗಾರಿಗೆ ಸಂಘಕ್ಕೆ ಬಂದರು. "ಪ್ರತಿ ವರ್ಷ ಕೊಡ್ತಿದ್ರಿ, ಈ ಸಲಾನೂ ಗೊಬ್ಬರಕ್ಕ ಸಾಲ ಕೊಡ್ರೆಪಾ, ಲಾವಣಿ ಹೊಲ ಹಿಡದೀನಿ" ಅಂದರು. ಉತಾರದಲ್ಲಿ ಅವರ ಹೆಸರಿಲ್ಲ. ಬೆಳೆಸಾಲ ಕೊಡಲು ಬರಲಿಲ್ಲ. ಒಂದು ಕಾಲಕ್ಕೆ ಆ ಹೊಲವೇ ಅವರದಾಗಿತ್ತು. ಷೇರು ಪತ್ರ ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋದರು. ಮುಂದೆ ಅವರ ಮುಖ ನೋಡಲು ನಮಗೆ ಸಂಕೋಚ ಆಗುತ್ತಿತ್ತು.

1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ಸಾಹುಕಾರರ ಬಡ್ಡಿಯಿಂದ ಒಕ್ಕಲಿಗರನ್ನು ಬಿಡಿಸಲು. ಲಾವಣಿ ಹಿಡಿದವರು, ಕೂಲಿಗೆ ಹೋಗುವವರು, ಪೇಟೆಯಲ್ಲಿ ತರಕಾರಿ ಮಾರುವ ನಮ್ಮ ಅಕ್ಕ-ತಂಗಿಯರು ಈಗ ಅದೇ ಬಡ್ಡಿಗೆ ಸಿಗುತ್ತಿದ್ದಾರೆ. ಇಂಥವರಿಗೆ ಸಂಘದ ಸ್ವಂತ ನಿಧಿಯಿಂದ ಸಣ್ಣ ಸಾಲ ಕೊಡಬೇಕೆಂದು ಕೆಲವು ನಿರ್ದೇಶಕರು, ವಸೂಲಿ ಹ್ಯಾಂಗ ಅಂತ ಉಳಿದವರು. ನಾವು ಕೊಡಬೇಕು ಅನ್ನುವ ಕಡೆ ಇದ್ದೇವೆ. ವಿಷಯವನ್ನು ಬರುವ ವಾರ್ಷಿಕ ಮಹಾಸಭೆಯ ಮುಂದೆ ಇಡುತ್ತೇವೆ. ಹೊಲ ಇದ್ದವರೂ ಇಲ್ಲದವರೂ ಬಂದು ಕೂಡ್ರಬೇಕು. ಆ ಹಿರಿಯರಿಗೂ ನೋಟೀಸು ಕೈಯಾರೆ ಮುಟ್ಟಿಸಿ ಬಂದೇವಿ.