ಜೋಳಿಗೆಗೆ ಬಿದ್ದ ತಂಬಾಕಿನ ಚೀಟು

ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯ ಏಳು ತಿಂಗಳಿಂದ ಒಂದೇ ಪುಟದಲ್ಲಿ ನಿಂತಿತ್ತು. ಫೆಲೋಶಿಪ್ ಮುಗಿಯಲು ಐದು ತಿಂಗಳು ಉಳಿದಿತ್ತು. ಹಾಸ್ಟೆಲಿನ ಗದ್ದಲದಲ್ಲಿ ಬರೆಯಲಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಶ್ರಾವಣದ ಹೊತ್ತಿಗೆ ಊರಿಗೆ, ಬೆಳವಣಕಿಗೆ ಬಂದೆ. ಹೆಸರು ಬಿಡಿಸುವ ಹಂಗಾಮು, ಮನೆಮಂದಿಯೆಲ್ಲ ಹೊಲದಲ್ಲಿ. ಗದ್ದಲವೇ ಇಲ್ಲದ ಪಡಸಾಲೆಯಲ್ಲಿ ಕುಳಿತು ನಾನು ಮಧ್ಯಾಹ್ನದ ತನಕ ಮೊಬೈಲಿನಲ್ಲಿ ರೀಲ್ಸ್ ನೋಡಿದೆ. ಮರುದಿನವೂ ಅದೇ ಆಯಿತು.

ನಗೆಯ ಸಂಗತಿಯೆಂದರೆ, ಬರೆಯಬೇಕಿದ್ದ ಅಧ್ಯಾಯ ಬಿಡುವುದರ ಬಗ್ಗೆಯೇ ಇತ್ತು. ನನ್ನ ವಿಷಯ ಉತ್ತರ ಕರ್ನಾಟಕದ ಮಠಗಳ ಜೋಳಿಗೆ. ಜಂಗಮರು ಮನೆಮನೆಗೆ ಹೋಗಿ ಜೋಳ, ಹಿಟ್ಟು ಬೇಡಿ ತರುತ್ತಿದ್ದ ಆ ಬಟ್ಟೆಯ ಚೀಲ ಇಪ್ಪತ್ತನೆಯ ಶತಮಾನದಲ್ಲಿ ಎಷ್ಟೋ ಸಂಸ್ಥೆಗಳನ್ನು ಸಾಕಿತು. 1909ರಲ್ಲಿ ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಹಾನಗಲ್ಲ ಕುಮಾರ ಸ್ವಾಮಿಗಳು ಕಟ್ಟಿದ ಶಿವಯೋಗ ಮಂದಿರದ ಹಿಂದೆ ಇರುವುದು ಭಕ್ತರ ಕಾಣಿಕೆ. ಗದುಗಿನಲ್ಲಿ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಸಾಕಿ ಸಂಗೀತ ಕಲಿಸಿದ್ದರ ಹಿಂದೆಯೂ ಅದೇ.

ನಾನು ಸಿಕ್ಕಿಬಿದ್ದಿದ್ದು ಇಳಕಲ್ಲಿನಲ್ಲಿ. ನಮ್ಮೂರಿಂದ ರೋಣ, ಗಜೇಂದ್ರಗಡ ದಾಟಿ ಹೋದರೆ ಇಳಕಲ್ಲ. ಬೇರೆಯವರಿಗೆ ಅದು ಸೀರೆಯ ಊರು. ಅಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಬೀದಿಗಿಳಿದರು. ಕೇಳಿದ್ದು ಜೋಳವನ್ನಲ್ಲ, ದುಶ್ಚಟವನ್ನು. ಕುಡಿತವಿದ್ದವನು ಕುಡಿತವನ್ನು, ಬೀಡಿ ಸೇದುವವನು ಬೀಡಿಯನ್ನು ಭಿಕ್ಷೆಯಾಗಿ ಹಾಕಬೇಕು. ಇದೇ ಮಹಾಂತ ಜೋಳಿಗೆ. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನ, ಆಗಸ್ಟ್ 1, ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಕಾಲವನ್ನು ಗಮನಿಸಬೇಕು. ನಮ್ಮ ಧಾರವಾಡ ಸೀಮೆ ಆಗ ಮುಂಬಯಿ ಪ್ರಾಂತದಲ್ಲಿತ್ತು, 1949ರ ಮುಂಬಯಿ ಪಾನನಿರೋಧ ಕಾಯಿದೆ ಇಲ್ಲಿಗೂ ಬಂದಿತ್ತು. ಏಕೀಕರಣದ ನಂತರ, 1960ರ ದಶಕದ ಕೊನೆಗೆ, ಸರಕಾರವೇ ಪಾನನಿರೋಧವನ್ನು ಸಡಿಲಿಸಿತು. ಕಾನೂನು ಕೈಬಿಟ್ಟ ಕೆಲವೇ ವರ್ಷಗಳಲ್ಲಿ ಒಬ್ಬ ಸ್ವಾಮಿ ಚೀಲ ಹಿಡಿದು ಬಂದದ್ದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ಸ್ವಾತಂತ್ರ್ಯ ಚಳವಳಿಯವರು ಹೆಂಡದಂಗಡಿಯ ಮುಂದೆ ನಿಂತು ಪಿಕೆಟಿಂಗ್ ಮಾಡಿದ್ದರು. ಅಲ್ಲಿ ಕುಡಿಯುವವನು ತಪ್ಪಿತಸ್ಥ. ಜೋಳಿಗೆಯ ಎದುರು ಅವನೇ ದಾನಿ. ಬಾಗಿಲಿಗೆ ಬಂದ ಜಂಗಮನನ್ನು ಬರಿಗೈಲಿ ಕಳಿಸುವುದು ನಮ್ಮ ಕಡೆ ನಾಚಿಕೆಯ ಮಾತು. ಒಮ್ಮೆ ಹಾಕಿದ ಭಿಕ್ಷೆಯನ್ನು ಯಾರೂ ತಿರುಗಿ ಕೇಳುವುದಿಲ್ಲ. ಈ ಎರಡು ಹಳೆಯ ಕಟ್ಟಳೆಗಳನ್ನೇ ಅವರು ಹೊಸ ಕೆಲಸಕ್ಕೆ ಹಚ್ಚಿದರು.

ಇಷ್ಟನ್ನು ಬರೆಯುವುದು ಸುಲಭ. ಬಿಟ್ಟವರು ಮತ್ತೆ ಹಿಡಿದರೋ ಇಲ್ಲವೋ ಎನ್ನುವಲ್ಲಿ ನನ್ನ ಅಧ್ಯಾಯ ನಿಂತಿತ್ತು. ಎಷ್ಟು ಮಂದಿ ಹಾಕಿದರೆಂದು ಹೆಮ್ಮೆಯಿಂದ ಬರೆದಿಡುತ್ತಾರೆ. ತಿರುಗಿ ಹಿಡಿದವನ ಲೆಕ್ಕ ಯಾವ ವಹಿಯಲ್ಲೂ ಇರುವುದಿಲ್ಲ.

ಕೊನೆಗೆ ಆ ಲೆಕ್ಕ ನಮ್ಮ ಮನೆಯಲ್ಲೇ ಸಿಕ್ಕಿತು. ಕಾಕಾ ಒಂದು ಕಾಲಕ್ಕೆ ತನ್ನ ತಂಬಾಕಿನ ಚೀಟನ್ನು ಆ ಜೋಳಿಗೆಗೆ ಹಾಕಿದವನಂತೆ.

"ಮತ್ತ ಹಿಡೀಲಿಲ್ಲೇನು ಕಾಕಾ?" ಎಂದು ಕೇಳಿದೆ.

"ಹಿಡದೆ. ನಾಕ್ ವರ್ಷ ಬಿಟ್ಟಿದ್ದೆ. ನಿಮ್ಮ ಕಾಕಿ ಹೋದಮ್ಯಾಲೆ ಹಿಡದೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ಮಂದಿ ಮುಂದ ಹಾಕ್ಕೊಳ್ಳಾಂಗಿಲ್ಲ. ಕೊಟ್ಟದ್ದನ್ನ ಕಸಗೊಂಡಂಗ ಆಕ್ಕೈತಿ" ಅಂದ.

ಸೋಲು ಎಂದು ಬರೆಯಲೇ? ನಾಲ್ಕು ವರ್ಷ ಸಣ್ಣದಲ್ಲ. ಮತ್ತೆ ತಿನ್ನುವಾಗಲೂ ಅದು ತನ್ನದಲ್ಲದ ವಸ್ತು ಎಂದು ಅಳುಕುವವನನ್ನು ಯಾವ ಪಟ್ಟಿಗೆ ಸೇರಿಸಬೇಕೋ ತಿಳಿಯಲಿಲ್ಲ. ಶ್ರಾವಣಕ್ಕೆ ಕುಡಿತ ಬಿಟ್ಟು ತಿಂಗಳು ಮುಗಿಯುವುದನ್ನೇ ಕಾಯುವವರು, ಅಯ್ಯಪ್ಪನ ಮಾಲೆ ಇರುವಷ್ಟು ದಿನ ಮಾತ್ರ ಶುದ್ಧರಾಗಿರುವವರು ಊರ ತುಂಬ ಇದ್ದಾರೆ. ಮೊದಲು ನಾನೂ ನಗುತ್ತಿದ್ದೆ. ನಲವತ್ತೊಂದು ದಿನ ನನ್ನಿಂದ ಯಾವುದನ್ನೂ ಬಿಡಲಾಗಿಲ್ಲ ಎಂದು ಗೊತ್ತಾದ ಮೇಲೆ ನಗೆ ನಿಂತಿದೆ.

ಅಜ್ಜಿಯ ದಾರಿ ಬೇರೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡು ಕೂಡುತ್ತಾಳೆ. ಲಿಂಗದ ಕಪ್ಪು ಲೇಪದ ಮೇಲೆ ದೀಪದ ಬೆಳಕು ಒಂದು ಚುಕ್ಕೆಯಾಗಿ ನಿಲ್ಲುತ್ತದೆ. ಅವಳ ಕಣ್ಣು ಅಲ್ಲೇ. ಹಠಯೋಗದ ಗ್ರಂಥಗಳು ತ್ರಾಟಕ ಎಂದು ಹೇಳುವುದಕ್ಕೆ ಇದು ತೀರಾ ಹತ್ತಿರ. ಕರೆದರೆ ಓಗೊಡುವುದಿಲ್ಲ, ಹಾಲು ಉಕ್ಕಿದರೂ ಏಳುವುದಿಲ್ಲ. ಅಂಗೈಯಲ್ಲಿ ಹೊಳೆಯುವ ವಸ್ತುವನ್ನು ಹಿಡಿದು ಅದನ್ನೇ ನೋಡುತ್ತ ಕೂಡುವುದು ನನಗೂ ಚೆನ್ನಾಗಿ ಬರುತ್ತದಲ್ಲ ಎಂದು ಒಂದು ದಿನ ಅವಳ ಪಕ್ಕದಲ್ಲೇ ಕುಳಿತಾಗ ಅನಿಸಿ ಮುಜುಗರವಾಯಿತು.

ಮೊಬೈಲನ್ನು ಜೋಳಿಗೆಗೆ ಹಾಕುವಂತಿಲ್ಲ. ನನ್ನ ಅರ್ಧ ಆಕರಗಳು, ಹಳೆಯ ವಹಿಗಳ ಫೋಟೊಗಳು ಅದರಲ್ಲೇ ಇವೆ. ಗಡಿಯಾಚೆ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿ 2022ರಲ್ಲಿ ಇದಕ್ಕೊಂದು ಉಪಾಯ ಮಾಡಿ ಸುದ್ದಿಯಾಯಿತು. ಸಂಜೆ 7ಕ್ಕೆ ಗುಡಿಯಿಂದ ಸೈರನ್ ಕೂಗುತ್ತದೆ, ಟಿವಿ, ಮೊಬೈಲ್ ಬಂದ್, 8.30ಕ್ಕೆ ಮತ್ತೆ ಸೈರನ್. ಗುಡಿಯಿಂದಲೇ ಏಕೆ ಕೂಗಿಸಬೇಕು, ಎಲ್ಲರ ಕೈಯಲ್ಲೂ ಅಲಾರಾಂ ಇದೆಯಲ್ಲ? ಅಲಾರಾಂ ಬಂದ್ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಗುಡಿಯ ಸದ್ದನ್ನು ಪಕ್ಕದ ಮನೆಯವರೂ ಕೇಳಿರುತ್ತಾರೆ.

ನನಗೆ ಸ್ವಾಮಿಯೂ ಇಲ್ಲ, ಸೈರನ್ನೂ ಇಲ್ಲ. ಮರುದಿನ ಬುತ್ತಿ ಕಟ್ಟುತ್ತಿದ್ದ ಅವ್ವನ ಮುಂದೆ ನಿಂತು, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಚೀಲಕ್ಕೆ ಹಾಕಿದೆ. ಎರಡೂ ಕೈ ಯಾಕೆ ಬಳಸಿದೆನೋ. ಅವ್ವ ನಕ್ಕಳು. ಸಂಜೆ ಹೊಲದಿಂದ ಬಂದು, "ಯವ್ವಾ, ದಿನಾ ಪೂರ್ತಿ ಗುಂಯ್ ಅಂತಿತ್ತು, ಹೆಸರಿನ ಬುಟ್ಟ್ಯಾಗ ಹುಳಾ ಹೊಕ್ಕಾವಂತ ಅಂಜಿದೆ" ಎಂದು ಕೊಟ್ಟಳು. ಮಾರ್ಗದರ್ಶಕರ ಮೂರು ಮಿಸ್ಡ್ ಕಾಲ್ ಇದ್ದವು.

ರಾತ್ರಿ ಊಟಕ್ಕೆ ಕುಳಿತಾಗ ಕಾಕಾ ಕೇಳಿದ, "ಇವತ್ತ ಎಷ್ಟ್ ಹಾಳಿ ಆತು?"

"ಎರಡೂವರೆ."

ಕಾಕಾ ತಲೆ ಹಾಕಿದ. ಊಟ ಮುಗಿಸಿ ಕಿಸೆಗೆ ಕೈಹಾಕಿದವನು ನನ್ನ ಮುಖ ನೋಡಿ, ಎದ್ದು ಹಿತ್ತಲಿಗೆ ಹೋದ.